ಮೂರು ಕಾಲು, ಕಾಲಿಂಚಿನ ಒಂದು ಸ್ಕ್ರೂ

ಖುತ್ಬಾ ಮುಗಿದು, ವಲಿಯ ಕೈ ಮದುಮಗನ ಕೈಗೆ ಸೇರಿ, 'ಖಬಿಲ್ತು' ಅನ್ನುವ ಮಾತು ಬರುವವರೆಗೆ ಲೆಕ್ಕ ಹಾಕಿದರೆ ನಿಕಾಹ್‌ಗೆ ಹಿಡಿಯುವುದು ಹತ್ತು ಹದಿನೈದು ನಿಮಿಷ. ಅದಕ್ಕಾಗಿ ತಿಂಗಳುಗಟ್ಟಲೆ ಓಡಾಟ, ಹಾಲ್ ಬುಕಿಂಗ್, ಅಡುಗೆಯವರಿಗೆ ಅಡ್ವಾನ್ಸ್. ದಮ್ಮಾಮ್‌ನಲ್ಲೋ ದುಬೈಯಲ್ಲೋ ರಜೆ ಸಿಗದೆ ಉಳಿದುಕೊಂಡ ಅಣ್ಣ, ಮಾವ ಮೊಬೈಲ್ ಕೈಯಲ್ಲಿ ಹಿಡಿದು ಲೈವ್ ನೋಡುತ್ತಾ ಕೂತಿರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಚಿತ್ರ ನಿಧಾನಕ್ಕೆ ವಾಲಿ, ವೇದಿಕೆಯ ಬದಲು ಹಾಲಿನ ಫ್ಯಾನ್ ಕಾಣಿಸಿದರೆ? ಇಲ್ಲವೇ 'ಧಡ್' ಅಂತ ಸದ್ದಾಗಿ ಪರದೆ ಕಪ್ಪಾದರೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಾಲ್‌ಗಳಲ್ಲಿ ಮದುವೆ ವಿಡಿಯೋ ಮಾಡುವವರಿಗೆ ಈ ಭಯ ಹೊಸದಲ್ಲ. ಇವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಹಗಲು ಅಂಗಡಿ, ಭಾನುವಾರ ಕ್ಯಾಮರಾ ಅನ್ನುವವರೇ ಹೆಚ್ಚು. ಬಾಡಿ, ಲೆನ್ಸ್ ಎರಡೂ ಸೇರಿದರೆ ಲಕ್ಷ ದಾಟುವ ಸಾಮಾನು, ಅದೂ ಕಂತಿನ ಮೇಲೆ ತಂದದ್ದು. ಐದಡಿ ಎತ್ತರದಿಂದ ಟೈಲ್ಸ್ ನೆಲಕ್ಕೆ ಬಿದ್ದರೆ ಗಾಜು ಒಡೆಯದೇ ಇದ್ದರೂ ಲೆನ್ಸ್ ಕೂರುವ ಬಳೆ ಸೊಟ್ಟಗಾಗಬಹುದು. ಆಮೇಲೆ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕು, ಅಷ್ಟರಲ್ಲಿ ಸೀಸನ್ ಮುಗಿದಿರುತ್ತದೆ.

ಬಿದ್ದ ಮೇಲೆ ಎಲ್ಲರೂ ಬೈಯುವುದು ಟ್ರೈಪಾಡನ್ನೇ. 'ಚೀಪ್ ಸ್ಟ್ಯಾಂಡು ಕಣ್ರೀ' ಅಂತ ಒಂದೇ ಮಾತು. ನಿಜ ಹೇಳಬೇಕೆಂದರೆ ಕಾಲು ಮುರಿದು ಕ್ಯಾಮರಾ ಬೀಳುವುದು ಅಪರೂಪ. ಕ್ಯಾಮರಾ ಮತ್ತು ಸ್ಟ್ಯಾಂಡ್ ಸೇರುವ ಜಾಗ ಸಡಿಲವಾಗಿರುತ್ತದೆ, ಅಥವಾ ಯಾರದೋ ಕಾಲು ವೈರಿಗೆ ಸಿಕ್ಕಿರುತ್ತದೆ. ಎರಡಕ್ಕೂ ದುಡ್ಡಿನ ಪರಿಹಾರ ಬೇಕಿಲ್ಲ. ಸಾವಿರದ ಸ್ಟ್ಯಾಂಡಾಗಲಿ, ಮೂವತ್ತು ಸಾವಿರದ್ದಾಗಲಿ, ಇಡೀ ಭಾರವನ್ನು ಹಿಡಿದಿರುವುದು ಕಾಲಿಂಚು ದಪ್ಪದ ಒಂದು ಸ್ಕ್ರೂ.

ಈ ಸ್ಕ್ರೂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕ್ಯಾಮರಾದ ತಳದಲ್ಲಿರುವ ತೂತು ಜಗತ್ತಿನಾದ್ಯಂತ ಒಂದೇ ಅಳತೆಯದು: ಕಾಲಿಂಚು ಅಗಲ, ಒಂದು ಇಂಚಿಗೆ 20 ಎಳೆ. ಹಳೇ ಸ್ಟುಡಿಯೋಗಳ ಕಪಾಟಿನಲ್ಲಿ ಮಲಗಿರುವ ಯಾಶಿಕಾಗೂ ಅದೇ, ಈಗಿನ ಸೋನಿ, ಕ್ಯಾನನ್, ನಿಕಾನ್‌ಗೂ ಅದೇ. ಸಿನಿಮಾ ಕ್ಯಾಮರಾದಂಥ ಭಾರದ ಸಾಮಾನಿಗೆ ಮಾತ್ರ ಇನ್ನೂ ದಪ್ಪನೆಯ, 3/8 ಇಂಚಿನದು. ಇಂಚಿಗೆ 20 ಎಳೆ ಅಂದರೆ ಒಂದು ಸುತ್ತಿಗೆ ಸ್ಕ್ರೂ ಒಳಗೆ ಹೋಗುವುದು ಬರೀ 1.27 ಮಿಲಿಮೀಟರ್. ಕ್ಯಾಮರಾದ ತಳದೊಳಗೆ ಅದು ಇಳಿಯುವುದು ನಾಲ್ಕೈದು ಮಿಲಿಮೀಟರ್. ಅಂದರೆ ಮೂರೂವರೆ, ನಾಲ್ಕು ಸುತ್ತು ಅಷ್ಟೇಯ. ಅದರಲ್ಲೂ ಬಿಗಿ ಬರುವುದು ಕೊನೆಯ ಕಾಲು ಸುತ್ತಿನಲ್ಲಿ. ಆ ಕಾಲು ಸುತ್ತು ಹಿಂದಕ್ಕೆ ಬಂದರೆ ಸ್ಕ್ರೂ ಒಳಗೇ ಇರುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಕ್ಯಾಮರಾ ಪ್ಲೇಟಿನ ಮೇಲೆ ತಿರುಗಲು ಶುರುವಾಗುತ್ತದೆ.

ಹಾಗಾದರೆ ಅದನ್ನು ಹಿಂದಕ್ಕೆ ತಿರುಗಿಸುವವರು ಯಾರು? ಹೆಚ್ಚಿನ ಸಲ ವಿಡಿಯೋ ಮಾಡುವವನೇ. ಟ್ರೈಪಾಡಿಗೆ ಉದ್ದನೆಯ ಹಿಡಿ ಇರುತ್ತದೆ. ಅದನ್ನು ಬಿಟ್ಟು ಲೆನ್ಸನ್ನೇ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸುವ ಅಭ್ಯಾಸ ಬಹಳ ಮಂದಿಗಿದೆ. ಕ್ಯಾಮರಾದ ಹಿಂದೆ ನಿಂತು ಲೆನ್ಸನ್ನು ಬಲಕ್ಕೆ ತಳ್ಳಿದರೆ ಸ್ಕ್ರೂ ಬಿಗಿಯಾಗುವ ದಿಕ್ಕು. ಎಡಕ್ಕೆ ಎಳೆದರೆ ಬಿಚ್ಚಿಕೊಳ್ಳುವ ದಿಕ್ಕು. ಮದುಮಗ ಬಾಗಿಲಿನಿಂದ ವೇದಿಕೆಗೆ ಬರುವಾಗ, ದಫ್ ತಂಡ ಸುತ್ತುವಾಗ, ಹಿರಿಯರು ಒಬ್ಬೊಬ್ಬರಾಗಿ ಬಂದು ಕೈಕೊಡುವಾಗ ಎಷ್ಟು ಸಲ ಎಡಕ್ಕೆ ಎಳೆದಿರಿ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ತಿರುಗಿಸುವುದೆಲ್ಲಾ ಹಿಡಿಯಿಂದಲೇ ಆಗಬೇಕು. ಹಿಡಿ ಭಾರವೆನಿಸಿದರೆ ಹೆಡ್‌ನ ಪ್ಯಾನ್ ಲಾಕ್ ಸಡಿಲಿಸಿ, ಕ್ಯಾಮರಾದ ಮೇಲೆ ಬಲ ಹಾಕಬೇಡಿ.

ಬಿಗಿ ಮಾಡಲಿಕ್ಕೂ ಒಂದು ಹದವಿದೆ. ಪ್ಲೇಟಿನ ಸ್ಕ್ರೂ ತಲೆಯಲ್ಲಿ ಮಡಚುವ ಸಣ್ಣ ಉಂಗುರವೋ ನಾಣ್ಯ ತೂರಿಸುವ ಗೀರೋ ಇರುತ್ತದೆ. ಬೆರಳಲ್ಲಿ ತಿರುಗಿಸಿ ನಿಂತ ಮೇಲೆ ನಾಣ್ಯ ಹಾಕಿ ಇನ್ನು ಕಾಲು ಸುತ್ತು. ಫೋನ್‌ಪೇ, ಗೂಗಲ್‌ಪೇ ಬಂದ ಮೇಲೆ ಜೇಬಲ್ಲಿ ನಾಣ್ಯವೇ ಇರುವುದಿಲ್ಲ, ಆದ್ದರಿಂದ ಒಂದು ನಾಣ್ಯವನ್ನು ಟೇಪು ಹಚ್ಚಿ ಟ್ರೈಪಾಡಿನ ಕಾಲಿಗೇ ಅಂಟಿಸಿಡುವುದು ಒಳ್ಳೆಯದು. ಷಡ್ಭುಜ ತೂತಿನ ಸ್ಕ್ರೂ ಇದ್ದರೆ ಅದರ ಅಲೆನ್ ಕೀಯನ್ನು ಹಾಗೇ ಕಟ್ಟಿಡಬೇಕು. ಕಟಿಂಗ್ ಪ್ಲೇಯರ್ ಹಿಡಿದು ಬಿಗಿ ಮಾಡುವ ಶೂರರೂ ಇದ್ದಾರೆ. ಹಾಗೆ ಮಾಡಿದರೆ ಕ್ಯಾಮರಾದೊಳಗಿನ ಎಳೆಯೇ ಹಾಳಾಗುತ್ತದೆ. ಇನ್ನು ಫೆವಿಕ್ವಿಕ್, ಲಾಕ್‌ಟೈಟ್ ಹಾಕುವ ಮಾತೇ ಬೇಡ.

ಇದರಲ್ಲೇ ಇನ್ನೊಂದು ಮೋಸವಿದೆ. ಬೇರೆ ಯಾವುದೋ ಸಾಮಾನಿನ ಉದ್ದನೆಯ ಸ್ಕ್ರೂ ತಂದು ಪ್ಲೇಟಿಗೆ ಹಾಕಿದರೆ ಅದರ ತುದಿ ಕ್ಯಾಮರಾದ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ 'ಟೈಟ್ ಆಯ್ತು' ಅನ್ನಿಸುತ್ತದೆ, ಆದರೆ ಪ್ಲೇಟಿಗೂ ಕ್ಯಾಮರಾಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಕ್ಯಾಮರಾವನ್ನು ಎತ್ತಿ ಬೆಳಕಿಗೆ ಹಿಡಿದು ಬದಿಯಿಂದ ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಆ ಸ್ಕ್ರೂ ಬೇಡ. ಪ್ಲೇಟಿನ ಮೇಲಿನ ರಬ್ಬರ್ ಎಣ್ಣೆ ಕುಡಿದು ಜಾರುತ್ತಿದ್ದರೂ ಅಷ್ಟೇ, ಎಷ್ಟು ಬಿಗಿ ಮಾಡಿದರೂ ಕ್ಯಾಮರಾ ತಿರುಗುತ್ತದೆ. ಬಿರಿಯಾನಿ ತಿಂದ ಕೈಯಲ್ಲಿ ಪ್ಲೇಟ್ ಮುಟ್ಟುವುದು ನಮ್ಮ ಮದುವೆಗಳಲ್ಲಿ ಸಾಮಾನ್ಯ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಹಿಡಿತ ವಾಪಸ್ ಬರುತ್ತದೆ.

ಸ್ಕ್ರೂ ಸರಿಯಾಯಿತು. ಮುಂದಿನದು ಪ್ಲೇಟ್ ಹೆಡ್‌ಗೆ ಕೂರುವ ಜಾಗ. ದೊಡ್ಡ ಮದುವೆಗೆ ಎರಡು ಮೂರು ಕ್ಯಾಮರಾ ಬರುತ್ತವೆ, ಹಾಸನದಿಂದ ಒಬ್ಬ, ಹೊಳೆನರಸೀಪುರದಿಂದ ಇನ್ನೊಬ್ಬ ಅಂತ ಸೇರಿ ಕೆಲಸ ಮಾಡುತ್ತಾರೆ. ಅಲ್ಲಿ ಪ್ಲೇಟ್ ಅದಲು ಬದಲಾಗುತ್ತದೆ. ಬೇರೆ ಬೇರೆ ಕಂಪೆನಿಗಳ ಪ್ಲೇಟುಗಳು ನೋಡಲು ಒಂದೇ ಥರ. ಅಳತೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚು ಕಡಿಮೆ. ಕೂರುತ್ತದೆ, ಲಿವರ್ ಕೂಡಾ ಮುಚ್ಚುತ್ತದೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ಪ್ಲೇಟಿಗೂ ಅದರ ಹೆಡ್‌ಗೂ ಒಂದೇ ಬಣ್ಣದ ಚುಕ್ಕೆ ಇಟ್ಟರೆ ಈ ಗೋಜಲು ಮುಗಿಯಿತು. ತಂಗಿಯ ನೇಲ್‌ಪಾಲಿಶ್ ಸಾಕು. ಉದ್ದನೆಯ ಜಾರುವ ಪ್ಲೇಟಿನ ಎರಡೂ ತುದಿಯಲ್ಲಿ ಸಣ್ಣ ತಡೆ ಸ್ಕ್ರೂಗಳಿರುತ್ತವೆ, ಲಾಕ್ ಸಡಿಲವಾದರೂ ಪ್ಲೇಟ್ ಜಾರಿ ಹೊರಬೀಳದಿರಲಿ ಎಂದು. 'ಹಾಕಿ ತೆಗೆಯಲು ಅಡ್ಡ' ಅಂತ ಅವನ್ನು ಬಿಚ್ಚಿ ಎಸೆಯುವವರಿದ್ದಾರೆ. ಎಸೆಯಬಾರದ ಸಾಮಾನು ಅದು.

ಪ್ಲೇಟನ್ನು ಹೆಡ್‌ಗೆ ಹಾಕುವಾಗ ಕ್ಯಾಮರಾದ ಪಟ್ಟಿ ಕುತ್ತಿಗೆಯಲ್ಲೇ ಇರಲಿ. 'ಕ್ಲಿಕ್' ಸದ್ದು ಕೇಳಬೇಕು. ಹಾಲಿನಲ್ಲಿ ಮೈಕ್, ಗಲಾಟೆ ನಡುವೆ ಸದ್ದು ಕೇಳದಿದ್ದರೆ ಲಿವರ್ ಪೂರ್ತಿ ಹಿಂದಕ್ಕೆ ಬಂದಿದೆಯಾ ಎಂದು ಬೆರಳಲ್ಲಿ ತಡವಿ ನೋಡಬೇಕು. ಎರಡನೇ ಸುರಕ್ಷತಾ ಲಾಕ್ ಇದ್ದರೆ ಅದನ್ನೂ ಹಾಕಬೇಕು. ಆಮೇಲೆ ಕ್ಯಾಮರಾ ಹಿಡಿದು ಮೇಲಕ್ಕೊಮ್ಮೆ, ಹಿಂದೆ ಮುಂದೆ ಒಮ್ಮೆ ಎಳೆದು ನೋಡಿ. ಅಲುಗಾಡಲಿಲ್ಲವೆಂದರೆ ಮಾತ್ರ ಪಟ್ಟಿ ಕುತ್ತಿಗೆಯಿಂದ ತೆಗೆಯಿರಿ. ಇಷ್ಟಕ್ಕೂ ಹಿಡಿಯುವುದು ಹತ್ತು ಸೆಕೆಂಡ್. ನಿಕಾಹ್‌ಗೆ ಐದು ನಿಮಿಷ ಮುಂಚೆ, ಎಲ್ಲರೂ ಕೂರುವ ಗಡಿಬಿಡಿಯಲ್ಲಿ, ಇದೇ ಎಳೆದು ನೋಡುವ ಕೆಲಸವನ್ನು ಇನ್ನೊಂದು ಸಲ ಮಾಡಬೇಕು. ಬೆಳಗ್ಗೆ ಬಿಗಿ ಮಾಡಿದ್ದು ಮಧ್ಯಾಹ್ನಕ್ಕೆ ಹಾಗೇ ಇರುತ್ತದೆಂಬ ನಂಬಿಕೆಯೇ ಬಹಳ ಕ್ಯಾಮರಾಗಳನ್ನು ಬೀಳಿಸಿರುವುದು.

ದೊಡ್ಡ ಲೆನ್ಸ್ ಹಾಕಿದಾಗ ಲೆಕ್ಕ ಬೇರೆ. 70-200 ಎಂ.ಎಂ. ಲೆನ್ಸಿನ ಹಳೇ ಮಾದರಿಗಳು ಒಂದೂವರೆ ಕೆ.ಜಿ. ಹತ್ತಿರ ತೂಗುತ್ತವೆ, ಕ್ಯಾಮರಾ ಬಾಡಿಗಿಂತ ಜಾಸ್ತಿ. ಬಾಡಿಯ ತಳಕ್ಕೆ ಪ್ಲೇಟ್ ಹಾಕಿದರೆ ಇಡೀ ಭಾರ ಮುಂದಕ್ಕೆ ಜಗ್ಗುತ್ತದೆ. ಅಂಥ ಲೆನ್ಸಿಗೆ ಕಂಪೆನಿಯವರೇ ಕಾಲಿರುವ ಬಳೆ ಕೊಟ್ಟಿರುತ್ತಾರೆ. ಪ್ಲೇಟನ್ನು ಆ ಕಾಲಿಗೆ ಹಾಕಬೇಕು. ತಕ್ಕಡಿ ಹಾಗೆ ಎರಡೂ ಕಡೆ ಸಮವಾಗುತ್ತದೆ. ಹೆಡ್ ಲಾಕ್ ಸ್ವಲ್ಪ ಸಡಿಲಿಸಿ ಕೈ ಹತ್ತಿರವೇ ಇಟ್ಟುಕೊಂಡು ನೋಡಿ: ಕ್ಯಾಮರಾ ಇಟ್ಟಲ್ಲೇ ನಿಂತರೆ ಸರಿ, ತಲೆ ತಗ್ಗಿಸಿದರೆ ಹಿಂದಕ್ಕೆ ಸರಿಸಿ.

ಇನ್ನು ಕಾಲುಗಳು. ಎತ್ತರ ಬೇಕೆಂದರೆ ಮೊದಲು ದಪ್ಪನೆಯ ಮೇಲಿನ ಭಾಗ ಎಳೆಯಬೇಕು, ಸಣಕಲು ಕೊನೆಯ ಭಾಗ ಕೊನೆಗೇ. ನಡುವಿನ ಕಂಬವನ್ನು ಮೇಲಕ್ಕೆತ್ತಿದರೆ ಮೂರು ಕಾಲಿನ ಸ್ಟ್ಯಾಂಡು ಒಂಟಿ ಕಾಲಿನದ್ದಾಗುತ್ತದೆ. ತೀರಾ ಅನಿವಾರ್ಯವಾದರೆ ಮಾತ್ರ ಎತ್ತಿ. ಮೂರರಲ್ಲಿ ಒಂದು ಕಾಲು ಲೆನ್ಸ್ ನೋಡುವ ದಿಕ್ಕಿಗೇ ಇರಬೇಕು, ಭಾರ ಇರುವ ಕಡೆ ಆಸರೆ. ಹಾಗಿಟ್ಟರೆ ಹಿಂದೆ ನಿಂತವನ ಕಾಲಿಗೆ ಎರಡು ಕಾಲುಗಳ ನಡುವೆ ಜಾಗವೂ ಸಿಗುತ್ತದೆ. ಕಂಬದ ಕೆಳಗಿನ ಕೊಕ್ಕೆಗೆ ಕ್ಯಾಮರಾ ಬ್ಯಾಗ್ ತೂಗು ಹಾಕಿ. ಬ್ಯಾಗಿನ ತಳ ನೆಲಕ್ಕೆ ಸ್ವಲ್ಪ ತಾಗಿರಲಿ, ಇಲ್ಲದಿದ್ದರೆ ಅದೇ ತೊಟ್ಟಿಲಾಗಿ ಕ್ಯಾಮರಾವನ್ನೂ ತೂಗುತ್ತದೆ.

ನಮ್ಮ ಹಾಲ್‌ಗಳ ದೊಡ್ಡ ಶತ್ರು ವೇದಿಕೆ. ಪ್ಲೈವುಡ್ ಹಲಗೆ, ಮೇಲೆ ಕಾರ್ಪೆಟ್. ಗ್ರೂಪ್ ಫೋಟೋಗೆಂದು ಘಟ್ಟದ ಕೆಳಗಿನಿಂದ ಬಂದ ಇಪ್ಪತ್ತು ನೆಂಟರು ಒಟ್ಟಿಗೆ ಹತ್ತಿದರೆ ಹಲಗೆ ಕುಣಿಯುತ್ತದೆ. ಟ್ರೈಪಾಡ್ ಯಾವತ್ತೂ ಕೆಳಗಿನ ಗಟ್ಟಿ ನೆಲದಲ್ಲಿರಲಿ. ಕಾರ್ಪೆಟ್ ಮಡಿಕೆಯ ಮೇಲೆ ಒಂದು ಕಾಲು, ಟೈಲ್ಸ್ ಮೇಲೆ ಎರಡು ಕಾಲು ಬೇಡವೇ ಬೇಡ.

ವೇದಿಕೆಗಿಂತ ದೊಡ್ಡ ಶತ್ರು ವೈರು. ಲೈವ್ ಇದ್ದರೆ ಕ್ಯಾಮರಾದಿಂದ ಲ್ಯಾಪ್‌ಟಾಪಿಗೆ ಒಂದು, ಕರೆಂಟಿಗೆ ಒಂದು, ಆಡಿಯೋಗೆ ಇನ್ನೊಂದು. ನೇರ ಕ್ಯಾಮರಾದಿಂದ ಇಳಿಬಿಟ್ಟ ವೈರನ್ನು ಯಾರಾದರೂ ಎಡವಿದರೆ ಸ್ಟ್ಯಾಂಡೂ ಸಮೇತ ಬರುತ್ತದೆ. ಕ್ಯಾಮರಾ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು, ವೈರನ್ನು ಟ್ರೈಪಾಡಿನ ಕಾಲಿಗೆ ಟೇಪಿನಲ್ಲಿ ಕಟ್ಟಬೇಕು. ಆಗ ಎಳೆತ ಬಿದ್ದರೂ ಅದು ಕೆಳಗೆ, ನೆಲದ ಹತ್ತಿರ ಬೀಳುತ್ತದೆ. ಸ್ಟ್ಯಾಂಡ್ ಜರುಗೀತು, ಮಗುಚುವ ಸಾಧ್ಯತೆ ಕಡಿಮೆ. ಕ್ಯಾಮರಾದ ತೂತೂ ಉಳಿಯುತ್ತದೆ. ನೆಲದ ಮೇಲಿನ ವೈರು ಗೋಡೆ ಬದಿಯಲ್ಲೇ ಹೋಗಲಿ, ದಾರಿ ದಾಟಲೇಬೇಕಾದರೆ ಉದ್ದಕ್ಕೂ ಟೇಪು ಹಚ್ಚಿ.

ಇಲ್ಲಿ ಮನೆಯವರ ಪಾಲೂ ಇದೆ. ವಿಡಿಯೋದವರು ಬಂದ ಕೂಡಲೇ 'ಅಲ್ಲೆಲ್ಲಾದರೂ ನಿಂತ್ಕೊಳ್ಳಪ್ಪಾ' ಅಂತ ಹೇಳಿ ಬಿಡುತ್ತೇವೆ. ಆಮೇಲೆ ಆ ಜಾಗಕ್ಕೇ ಕುರ್ಚಿ ಸಾಲು, ಶರಬತ್ತಿನ ಮೇಜು. ಪ್ಲಗ್ ಪಾಯಿಂಟ್ ಹತ್ತಿರವಿರುವ ಒಂದು ಮೂಲೆಯನ್ನು ಮೊದಲೇ ತೋರಿಸಿ, ಸುತ್ತ ನಾಲ್ಕು ಕುರ್ಚಿಯನ್ನು ಬೆನ್ನು ಒಳಕ್ಕೆ ಮಾಡಿ ಇಟ್ಟರೆ ಅದೇ ಬೇಲಿ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಮದುವೆಮನೆಯಲ್ಲಿ ಮಕ್ಕಳು ಓಡದೆ ಇನ್ನೆಲ್ಲಿ ಓಡಬೇಕು? ಮನೆಯ ದೊಡ್ಡ ಹುಡುಗನೊಬ್ಬನನ್ನು ಕರೆದು 'ಕಾಕ, ನೀನು ಇಲ್ಲೇ ಕೂತ್ಕೋ' ಅಂತ ಆ ಕುರ್ಚಿಗಳಲ್ಲೊಂದರಲ್ಲಿ ಕೂರಿಸಿದರೆ ಸಾಕು.

ಹೆಂಗಸರ ಕಡೆಯ ಕಥೆ ಬೇರೆಯೇ. ಅಲ್ಲಿಗೆ ಹೊರಗಿನ ಕ್ಯಾಮರಾದವರು ಬರುವುದು ಬೇಡ ಅನ್ನುವ ಮನೆಗಳು ಬಹಳ. ಮೆಹಂದಿ ದಿನ ಅಕ್ಕನ ಮಗಳೋ ನಾದಿನಿಯೋ ಮೊಬೈಲನ್ನು ತೆಳ್ಳನೆಯ ಸ್ಟ್ಯಾಂಡಿಗೆ ಸಿಕ್ಕಿಸಿ ಇಡುತ್ತಾರೆ. ಆ ಸ್ಟ್ಯಾಂಡಿನ ಸ್ಕ್ರೂ ಕೂಡಾ ಅದೇ ಕಾಲಿಂಚಿನದು, ಆದರೆ ಮೊಬೈಲಿಗೆ ತೂತಿಲ್ಲ, ಹಿಡಿಯುವುದು ಸ್ಪ್ರಿಂಗ್ ಕ್ಲಿಪ್. ಜಾರುವ ಸಿಲಿಕಾನ್ ಕವರ್, ಹಿಂದೆ ಉಂಗುರ ಅಂಟಿಸಿದ ಕವರ್ ಇದ್ದರೆ ಕ್ಲಿಪ್ ಸರಿಯಾಗಿ ಕಚ್ಚುವುದಿಲ್ಲ, ಕವರ್ ತೆಗೆದು ಹಾಕಿ. ಕ್ಲಿಪ್ ಮೊಬೈಲಿನ ನಡುವಿಗೆ ಬರಲಿ, ಪಕ್ಕದ ಬಟನ್ ಮೇಲೆ ಬೇಡ. ಸ್ಪ್ರಿಂಗಿಗಿಂತ ತಿರುಪು ಹಾಕಿ ಬಿಗಿಯುವ ಕ್ಲಿಪ್ ಹೆಚ್ಚು ನಂಬಿಕೆಗೆ ಯೋಗ್ಯ. ಕರೆ ಬಂದಾಗ ಮೊಬೈಲ್ ನಡುಗಿ ನಡುಗಿಯೇ ಇಳಿಯುತ್ತದೆ, ಆದ್ದರಿಂದ ವೈಬ್ರೇಷನ್ ಆಫ್, ರೆಕಾರ್ಡಿಂಗ್ ಮಾತ್ರವಾದರೆ ಏರ್‌ಪ್ಲೇನ್ ಮೋಡ್. ಪವರ್ ಬ್ಯಾಂಕನ್ನು ವೈರಿನಲ್ಲಿ ಜೋತು ಬಿಡದೆ ಸ್ಟ್ಯಾಂಡಿನ ಕಾಲಿಗೆ ಕೆಳಗಡೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಭಾರಕ್ಕೂ ಆಯಿತು. ಈ ತೆಳ್ಳನೆ ಸ್ಟ್ಯಾಂಡುಗಳು ಫ್ಯಾನಿನ ಗಾಳಿಗೇ ಅಲುಗುತ್ತವೆ. ಎರಡು ಕೆ.ಜಿ. ಅಕ್ಕಿಯ ಚೀಲವನ್ನು ಕಾಲುಗಳ ನಡುವಿನ ಕಡ್ಡಿಗಳ ಮೇಲಿಟ್ಟರೆ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಎಡಿಟ್ ಆಗದ, ಆಲ್ಬಂ ಸೇರದ ಈ ಮೊಬೈಲ್ ವಿಡಿಯೋವನ್ನೇ ಉಮ್ಮಂದಿರು ಆಮೇಲೆ ಹೆಚ್ಚು ಸಲ ನೋಡುವುದು. ಹಾಡಿಗೆ ಕೈ ತಟ್ಟುತ್ತಿದ್ದ ಅಜ್ಜಿ ಮುಂದಿನ ಮದುವೆಗೆ ಇರುತ್ತಾರೋ ಇಲ್ಲವೋ.

ನಿಕಾಹ್ ಮುಗಿದ ಮೇಲೆ ಜೋಡಿಯ ಫೋಟೋಗೆಂದು ಹೊರಗೆ ಹೋಗುವುದು ಈಗ ನಮ್ಮಲ್ಲೂ ಬಂದಿದೆ. ಹಾಸನದವರಿಗೆ ಮೊದಲು ನೆನಪಾಗುವುದು ಶೆಟ್ಟಿಹಳ್ಳಿಯ ಹಳೇ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ನೀರಿಳಿದಾಗ ಮೇಲೇಳುತ್ತದೆ. ನೀರಿಳಿದ ಮೇಲಿನ ಅಲ್ಲಿನ ನೆಲವನ್ನು ನಂಬಬಾರದು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಕೆಸರು. ಟ್ರೈಪಾಡ್ ಇಟ್ಟಾಗ ನೆಟ್ಟಗಿದ್ದದ್ದು ಐದು ನಿಮಿಷದಲ್ಲಿ ಒಂದು ಕಾಲು ಹೂತು ವಾಲಿರುತ್ತದೆ. ಅಂಗೈಯಗಲದ ಮೂರು ಪ್ಲೈವುಡ್ ತುಂಡು ಬ್ಯಾಗಿನಲ್ಲಿದ್ದರೆ ಪ್ರತಿ ಕಾಲಿನ ಕೆಳಗೆ ಒಂದೊಂದು ಇಡಬಹುದು. ಅದಿಲ್ಲದಿದ್ದರೆ ಚಪ್ಪಟೆ ಕಲ್ಲು. ಬಯಲು ಜಾಗ, ಗಾಳಿ ಜೋರು. ಮದುಮಗಳ ದುಪ್ಪಟ ಹಾರಿದರೆ ಚೆನ್ನಾಗಿ ಕಾಣುತ್ತದೆ, ಅದೇ ಗಾಳಿ ಕ್ಯಾಮರಾದ ಜೋತುಬಿದ್ದ ಪಟ್ಟಿಯನ್ನೂ ಹಾಯಿಯ ಹಾಗೆ ಎಳೆಯುತ್ತದೆ. ಪಟ್ಟಿಯನ್ನು ಹೆಡ್‌ಗೆ ಸುತ್ತಿ ಕಟ್ಟಿ.

ಅರಕಲಗೂಡು ಕಡೆಯವರು ಹೋಗುವ ಕೊಣನೂರಿನ ತೂಗುಸೇತುವೆ ಇನ್ನೊಂದು ಪರೀಕ್ಷೆ. ಕೆಳಗೆ ಕಾವೇರಿ, ಮೇಲೆ ಒಬ್ಬರು ನಡೆದರೂ ಸೇತುವೆ ಮೈ ತೂಗುತ್ತದೆ. ಅದರ ಮೇಲೆ ಟ್ರೈಪಾಡ್ ಬಿಚ್ಚುವುದೇ ವ್ಯರ್ಥ. ದಡದಲ್ಲಿ ಸ್ಟ್ಯಾಂಡ್ ಇಟ್ಟು ಉದ್ದ ಲೆನ್ಸಿನಲ್ಲಿ ಹಿಡಿದರೆ ಜೋಡಿಯೂ ಸೇತುವೆಯೂ ಎರಡೂ ಸಿಗುತ್ತವೆ. ಹೊಳೆ ಮರಳಿನಲ್ಲಿ ಇಟ್ಟ ದಿನ ಮನೆಗೆ ಬಂದು ಕಾಲುಗಳನ್ನು ಪೂರ್ತಿ ಎಳೆದು ಒರೆಸಬೇಕು. ಒಂದು ಹರಳು ಮರಳು ಲಾಕಿನೊಳಗೆ ಉಳಿದರೂ ಆ ಕಾಲು ಮುಂದಿನ ಮದುವೆಯಲ್ಲಿ ಮೆಲ್ಲಗೆ ಜಾರುತ್ತದೆ.

ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಬೆಟ್ಟದ ಮೇಲೆ ಅಟ್ಟಣಿಗೆ ಕಟ್ಟಿದ್ದರು. ಅಂಥ ಅಟ್ಟಣಿಗೆಯಲ್ಲಿ ಎಷ್ಟೇ ದುಬಾರಿ ಟ್ರೈಪಾಡ್ ಇಟ್ಟರೂ ಪಕ್ಕದವರ ಹೆಜ್ಜೆ ಲೆನ್ಸಿಗೆ ಮುಟ್ಟುತ್ತದೆ. ಜನ ನಿಂತ ಕ್ಷಣ ಕಾದು ಕ್ಲಿಕ್ ಮಾಡುವುದೊಂದೇ ದಾರಿ. ಅಲ್ಲಿಗಾಗಲಿ, ಬೇಲೂರು ಹಳೇಬೀಡಿಗಾಗಲಿ ಜೋಡಿ ಫೋಟೋಗೆಂದು ಹೊರಟವರಿಗೆ ಒಂದು ಮಾತು: ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಹೊಸದಾಗಿ ಕೊಳ್ಳುವವರು ಕೇಳುವುದು ಒಂದೇ, 'ಎಷ್ಟು ಕೆ.ಜಿ. ತಡೀತದೆ?' ಡಬ್ಬದ ಮೇಲೆ ಬರೆದ ತೂಕವನ್ನು ಅರ್ಧ ಮಾಡಿಕೊಳ್ಳಿ ಅನ್ನುವುದು ನನ್ನ ಲೆಕ್ಕ. ಮೂರು ಕೆ.ಜಿ. ಅಂತಿದ್ದರೆ ಒಂದೂವರೆ. ಪ್ಲಾಸ್ಟಿಕ್ ಪ್ಲೇಟ್ ಇದ್ದರೆ ಹಾಗೇ ಬಿಟ್ಟು ಬನ್ನಿ, ಲೋಹದ್ದೇ ತಗೊಳ್ಳಿ. ಸೆಕೆಂಡ್‌ಹ್ಯಾಂಡ್ ಕಾಲುಗಳು ಪರವಾಗಿಲ್ಲ, ಲಾಕುಗಳ ಬಿಗಿಯನ್ನು ಅಲೆನ್ ಕೀಯಲ್ಲಿ ಸರಿಮಾಡಬಹುದು. ಹೆಡ್ ಮತ್ತು ಪ್ಲೇಟ್ ಮಾತ್ರ ಹೊಸತಿರಲಿ. ಒಂದು ಪ್ಲೇಟ್ ಹೆಚ್ಚಿಗೆ ಕೊಂಡಿಡಿ.

ಕೊನೆಯದಾಗಿ, ಬೀಳುವ ಗಳಿಗೆಗಳಲ್ಲಿ ಒಂದು ರಾತ್ರಿ ಹನ್ನೊಂದರದ್ದು. ಊಟ ಮುಗಿದಿದೆ, ಹಾಲಿನವರು ಒಂದೊಂದೇ ಲೈಟ್ ಆರಿಸುತ್ತಿದ್ದಾರೆ, ಬೆಳಗ್ಗೆಯಿಂದ ನಿಂತ ಕಾಲು ನೋಯುತ್ತಿದೆ. ಕ್ಯಾಮರಾ ಹೆಡ್‌ನಲ್ಲಿರುವಾಗಲೇ ಕಾಲು ಮಡಚಲು ಹೋದರೆ, ಟಿಲ್ಟ್ ಲಾಕ್ ತೆರೆದರೆ, ಲೆನ್ಸ್ ಒಮ್ಮೆಲೇ ಮುಂದಕ್ಕೆ ಬಾಗಿ ಸ್ಟ್ಯಾಂಡನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲು ವೈರು ಬಿಚ್ಚಿ, ಪಟ್ಟಿ ಕುತ್ತಿಗೆಗೆ ಹಾಕಿ, ಒಂದು ಕೈ ಕ್ಯಾಮರಾದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಲಿವರ್ ತೆರೆದು ಕ್ಯಾಮರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಆಮೇಲೆ ಕಾಲು ಮಡಚಿ. ಪ್ಲೇಟನ್ನು ಕ್ಯಾಮರಾದಿಂದ ಬಿಚ್ಚುವ ಅಭ್ಯಾಸವಿದ್ದರೆ ಅದನ್ನು ಜೇಬಿಗೆ ಹಾಕದೆ ಹೆಡ್‌ಗೇ ಸಿಕ್ಕಿಸಿಡಿ. ಇಲ್ಲದಿದ್ದರೆ ಪ್ಲೇಟ್ ಹಾಸನದ ಮನೆಯಲ್ಲಿ ಪ್ಯಾಂಟಿನ ಜೇಬಿನಲ್ಲಿ ಉಳಿದು, ಟ್ರೈಪಾಡ್ ಮಾತ್ರ ಮರುದಿನ ಚನ್ನರಾಯಪಟ್ಟಣದ ಹಾಲ್ ತಲುಪಿರುತ್ತದೆ.